ಮಾತು ನಮ್ಮದು, ಬೀಗದ ಕೈ ಯಾರದ್ದು?

ನ್ಯೂಜಿಲೆಂಡಿನ ಕೊಲ್ಲಿಯೊಂದರ ದಡದಲ್ಲಿ ಚಿಪ್ಪುಮೀನು ಬಿಡಿಸುವ ಕಾರ್ಖಾನೆ. ಅಲ್ಲಿ ಚೂರಿ ಜಾರಿ ಮೆರೆಯಾನಳ ಅಂಗೈ ಸೀಳಿಹೋಯಿತು. ಗಟ್ಟಿ ಕೈಗವಸು ಕೊಡಿ ಎಂದು ಹೆಂಗಸರು ಕೇಳಿ ಕೇಳಿ ಸೋತಿದ್ದರು. ಸಂಜೆ ಜೊತೆ ಕೆಲಸದ ನಾಹುಯಾ ಕೆಲಸದವರ ಫೋನ್ ಗುಂಪಿನಲ್ಲಿ ಬರೆದಳು: "ಗವಸು ಬರೋವರೆಗೆ ಯಾರೂ ಚೂರಿ ಮುಟ್ಟಬೇಡಿ."

ಬೆಳಿಗ್ಗೆ ಮ್ಯಾನೇಜರ್ ಅದೇ ಸಾಲನ್ನು ಎಲ್ಲರೆದುರು ಓದಿ, ಅವಳನ್ನು ಕೆಲಸದಿಂದ ತೆಗೆದ.

ಅಂದು ಸಂಜೆ ನಾಹುಯಾ ಉರಿಯುತ್ತಾ, ಅದೇ ಕಾರ್ಖಾನೆಯಲ್ಲಿ ದುಡಿಯುವ ಚಿಕ್ಕಪ್ಪನ ಮಗಳು ರಾವಿನಿಯಳ ಅಡುಗೆಮನೆಗೆ ನುಗ್ಗಿದಳು.

"ನೀನೇ ಚಾಡಿ ಹೇಳಿದ್ದು! ಅವನ ಹೆಂಡ್ತಿ ಜೊತೆ ಚರ್ಚಿಗೆ ಹೋಗೋಳು ನೀನೊಬ್ಬಳೇ!"

ರಾವಿನಿಯ ನಾದುತ್ತಿದ್ದ ಹಿಟ್ಟನ್ನು ಧಪ್ಪನೆ ಕುಕ್ಕಿದಳು. "ನಾಲಿಗೆ ಬಿಗಿ ಹಿಡಿ ಅಕ್ಕ! ಆ ಗುಂಪು ಮಾಡಿದ್ದು ಕಂಪನಿ. ನಾವು ಬರೆದದ್ದೆಲ್ಲ ಹೋಗಿ ಕೂರೋದು ಅವರ ಕಂಪ್ಯೂಟರಲ್ಲಿ. ಓದೋಕೆ ಅವನಿಗೆ ಚಾಡಿ ಯಾಕೆ ಬೇಕು?"

ನಾಹುಯಾ ದಂಗಾದಳು. "ಥೂ! ಇಷ್ಟು ದಿನ ಅವನ ಕಿವಿಯೊಳಗೇ ಕೂತು ಮಾತಾಡಿದ್ವಾ? ತಪ್ಪಾಯ್ತು ಕಣೇ."

"ನಮ್ಮಣ್ಣನ ದೋಣಿಯವರು ಇನ್ನೊಂದು ಥರದ ಆ್ಯಪ್ ಬಳಸ್ತಾರೆ. ನಡುವೆ ಧಣಿ ಇಲ್ಲ. ಮಾತು ಫೋನಿಂದ ಫೋನಿಗೇ ಹೋಗುತ್ತೆ, ಅಲ್ಲೇ ಇರುತ್ತೆ. ಒಳಗಿದ್ದವರು ಕರೆದ್ರೆ ಮಾತ್ರ ಸೇರಬಹುದು. ಗುಂಪಿನ ಮಾತಿಗೆ ಬೀಗ, ಕೀಲಿ ನಮ್ಮ ಫೋನಲ್ಲೇ."

"ಮಾರೋರೆಲ್ಲ ಹೀಗೇ ಹೊಗಳೋದು. ತಪ್ಪು ಬರೆದ್ರೆ ಅಳಿಸಬಹುದಾ?"

"ಇಲ್ಲ. ಹತ್ತು ಫೋನಿಗೆ ಹೋದ ಮಾತು ವಾಪಸ್ ಬರಲ್ಲ. ಕಂಡಕಂಡವರನ್ನ ಕರೆದ್ರೆ ಅವರೂ ಓದ್ತಾರೆ, ಬೇಕಾದವರಿಗೆ ತೋರಿಸ್ತಾರೆ. ಫೋನಿಗೆ ಪಾಸ್‌ವರ್ಡ್ ಇಲ್ದೆ ಕಳ್ಕೊಂಡ್ರೆ ಕೀಲಿನೂ ಸಿಕ್ಕಿದವರ ಕೈಗೆ ಹೋದಂಗೆ."

ಕುಂದುಗಳನ್ನೂ ಮುಚ್ಚಿಡದೆ ಹೇಳಿದ್ದಕ್ಕೇ ನಾಹುಯಾಳಿಗೆ ನಂಬಿಕೆ ಬಂತು. ಮನೆಮನೆಗೆ ಹೋಗಿ, ಮುಖ ನೋಡಿ, ಒಬ್ಬೊಬ್ಬರನ್ನೇ ಹೊಸ ಗುಂಪಿಗೆ ಸೇರಿಸಿದಳು. ಯಾರು ಏನು ಮಾಡಬೇಕೆಂದು ಹೆಂಗಸರು ಅಲ್ಲೇ ಮಾತಾಡಿಕೊಂಡರು.

ಸೋಮವಾರ ಕೆಲಸದ ಗಂಟೆ ಹೊಡೆಯಿತು. ಎಲ್ಲರೂ ಚೂರಿ ಕೆಳಗಿಟ್ಟು ನಿಂತರು. ಮ್ಯಾನೇಜರ್ ಫೋನ್ ತಿಕ್ಕಿ ತಿಕ್ಕಿ ನೋಡಿದ. ಕಂಪನಿಯ ಗುಂಪಿನಲ್ಲಿ ಏನೂ ಇರಲಿಲ್ಲ.

"ಯಾರು ಹೇಳಿಕೊಟ್ಟಿದ್ದು ನಿಮಗೆ?"

ಮೆರೆಯಾನ ಬಟ್ಟೆ ಸುತ್ತಿದ ಕೈ ಎತ್ತಿದಳು. "ಇದು."

ಆ ವಾರವೇ ಗವಸು ಬಂತು, ನಾಹುಯಾಳಿಗೆ ಕೆಲಸವೂ ವಾಪಸ್ ಸಿಕ್ಕಿತು. ಅವಳ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಅಕ್ಕತಂಗಿಯರೇ, ನಿಮ್ಮ ಫೋನಿನಲ್ಲೂ ಒಂದು ಗುಂಪಿದೆ ಅಲ್ಲವೇ? ಅದರ ಬೀಗದ ಕೈ ಯಾರ ಹತ್ತಿರ ಇದೆ? ಇವತ್ತೇ ಕೇಳಿ. ಉತ್ತರ ಸಿಗುವವರೆಗೆ ಮನಸ್ಸಿನ ಮಾತನ್ನು ಅಲ್ಲಿ ಬರೆಯಬೇಡಿ.