ಏಳರ ಎಣಿಕೆ

ಮಹಡಿಯ ಹಾಲ್‌ನಲ್ಲಿ ಮುನ್ನೂರು ಜನ ಡಿಜೆ ಹುಡುಗಿಯ ನಾಲ್ಕೆಣಿಕೆಯ ಬೀಟಿಗೆ ಒಟ್ಟಿಗೆ ಜಿಗಿಯುತ್ತಿದ್ದರು. ಅವಳ ಕಣ್ಣು ಮಾತ್ರ ಮೇಜಿನ ಮೇಲಿದ್ದ ನೀರಿನ ಲೋಟದ ಮೇಲಿತ್ತು. ಪ್ರತಿ ಜಿಗಿತಕ್ಕೂ ಲೋಟ ಅಂಚಿನತ್ತ ಸರಿಯುತ್ತಿತ್ತು. ನೆಲವೇ ತೊಟ್ಟಿಲಿನಂತೆ ತೂಗುತ್ತಿದೆ ಎಂದು ಅವಳಿಗೆ ಹೊಳೆಯಿತು.

ಹಾಡು ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿದರೆ, ಹಾಡು ಬೇಕೆಂದು ಎಲ್ಲರೂ ಒಟ್ಟಿಗೆ ಕಾಲು ಅಪ್ಪಳಿಸುವುದು ಇಲ್ಲಿಯವರ ಹಳೇ ಚಾಳಿ. ಅವಳು ನಾಲ್ಕರ ಮೇಲೆ ಏಳರ ಬೀಟು ಹತ್ತಿಸಿ, ನಾಲ್ಕನ್ನು ಮೆಲ್ಲಗೆ ಇಳಿಸಿದಳು. ಕುಣಿಯುವವರ ಲೆಕ್ಕ ತಪ್ಪಿತು. ಒಬ್ಬರ ಕಾಲು ಮೇಲಿದ್ದಾಗ ಇನ್ನೊಬ್ಬರದು ಕೆಳಗೆ. ಲೋಟ ನಿಂತಿತು.

ಹಾಲ್‌ನ ಯಜಮಾನ, ಅವಳ ಸೋದರಮಾವ, ಕೆಂಡಾಮಂಡಲವಾಗಿ ವೇದಿಕೆ ಹತ್ತಿದ. "ಏನೇ ಇದು ಕುಂಟು ತಾಳ? ಜನ ಬೈತಿದಾರೆ!"

"ಮಾವ, ನೆಲ ಅಲ್ಲಾಡ್ತಿದೆ. ಬಾಗಿಲು ತೆಗೆಸಿ, ಎಲ್ಲರನ್ನೂ ಮೆಲ್ಲಗೆ ಕೆಳಗಿಳಿಸೋಣ."

"ಅಲ್ಲಾಡ್ತಿರೋದು ನಿನ್ನ ತಲೆ!" ಎಂದವನೇ ವೈರು ಕಿತ್ತ.

ಹಾಡು ನಿಂತಿತು. ಆಮೇಲೆ ಮುನ್ನೂರು ಕಾಲು ಒಟ್ಟಿಗೆ ನೆಲಕ್ಕೆ ಬಿದ್ದವು. ಒಂದು. ಎರಡು. ಮೂರಕ್ಕೆ ಲೋಟ ಬಿದ್ದು ಒಡೆಯಿತು. ನಾಲ್ಕಕ್ಕೆ ಮಾವ, ಕಿತ್ತ ವೈರನ್ನು ಹಿಡಿದುಕೊಂಡು, ಅದನ್ನು ಸಿಕ್ಕಿಸುವ ಜಾಗಕ್ಕಾಗಿ ತಡಕಾಡುತ್ತಿದ್ದ.