ಗಿಳಿಮೂಗು ಎಂಬ ಕೀಲಿಕೈ

ಒಂದೇ ಮೇಜಿನ ಎರಡು ತುದಿಯಲ್ಲಿ ಇಬ್ಬರು ಓರಗಿತ್ತಿಯರು ಕೂರುತ್ತಿದ್ದರು. ಒಬ್ಬರ ಮುಖ ಒಬ್ಬರಿಗೆ ಕಾಣದಿರಲೆಂದು ನಡುವೆ ಒಂದು ಪ್ರಿಂಟರ್ ಇತ್ತು. ಅದು ಕೆಟ್ಟು ಯಾವ ಕಾಲವಾಗಿತ್ತೋ, ತೆಗೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಕಂಪನಿ ಮಾವನದು. ಹಲ್ಲಿನ ಆಸ್ಪತ್ರೆಗಳ ಎಕ್ಸ್‌ರೇಗಳನ್ನು ಕ್ಲೌಡ್‌ನಲ್ಲಿ ಜೋಪಾನವಾಗಿಟ್ಟು, ಕೇಳಿದಾಗ ತೆಗೆದುಕೊಡುವುದು ವ್ಯಾಪಾರ. ಹಲ್ಲು ಊರವರದು, ಮಸೆಯುವುದು ಮಾತ್ರ ಈ ಇಬ್ಬರು. ಹಿರಿ ಸೊಸೆ ಇಡೀ ವ್ಯವಸ್ಥೆ ಕಟ್ಟಿದವಳು. ಪ್ರತಿಯೊಂದಕ್ಕೂ ಬೀಗ ಹಾಕುತ್ತಿದ್ದಳು, ಮೊದಲು ತನ್ನ ಬಾಯಿಗೆ; ಹಾಗಾಗಿ ಕಚೇರಿಯವರಿಗೆ ಅವಳು ಬೀಗಮ್ಮ. ಕಿರಿ ಸೊಸೆ ಆಮೇಲೆ ಬಂದು ಸೇರಿದವಳು. ಯಾರ ಮಾತನ್ನಾದರೂ ಒಮ್ಮೆ ಕೇಳಿದರೆ ಸಾಕು, ಅದೇ ಎಳೆತ, ಅದೇ ಕೆಮ್ಮು, ಅದೇ ಉಸಿರು ಅವಳ ಗಂಟಲಿನಿಂದ ಹೊರಬರುತ್ತಿತ್ತು. ಅವಳು ಗಿಳಿ.

ಒಂದು ದಿನ ಮಾವ ಗಿಳಿಯನ್ನು ಕರೆದರು. “ನೋಡಮ್ಮ, ಸರ್ವರು, ಸ್ಟೋರೇಜು ಎಲ್ಲರಿಗೂ ಗೊತ್ತು. ಅದರ ಜೊತೆ ಇನ್ನೂ ಏನೇನೋ ಚಿಲ್ಲರೆ ಸರ್ವಿಸ್ ಬಾಡಿಗೆಗೆ ತಗೊಂಡಿದ್ದೀವಂತೆ. ಅವುಗಳ ಹೆಸರೇ ಯಾರೂ ಕೇಳಿಲ್ಲ. ಎಲ್ಲರಿಗೂ ತಿಳಿಯೋ ಹಾಗೆ ಒಂದು ಸಲ ಹೇಳಿಬಿಡು. ಬೇಡದ್ದನ್ನ ತೆಗೆದುಹಾಕು.”

ಗಿಳಿಗೆ ವೇದಿಕೆ ಸಿಕ್ಕಿತು.

“ಸರ್ವರು ಅಂದ್ರೆ ಮದುಮಗ ಇದ್ದ ಹಾಗೆ, ಫೋಟೋದಲ್ಲೆಲ್ಲ ಅವನೇ,” ಎಂದು ಅವಳು ಶುರುಮಾಡಿದಳು. “ನಾನು ಹೇಳ್ತಿರೋದು ಹಿಂದೆ ನಿಂತು ಚಾಪೆ ಹಾಸೋರ ಬಗ್ಗೆ. ಮೊದಲನೇದು ಸರದಿ ಸರ್ವಿಸ್. ಆಸ್ಪತ್ರೆಗಳಿಂದ ಬರೋ ಬೇಡಿಕೆಗಳು ಒಂದರ ಮೇಲೊಂದು ಬೀಳದ ಹಾಗೆ ಸಾಲಾಗಿ ಕೂರಿಸುತ್ತೆ.” ತಕ್ಷಣ ಮೂಗಿನಲ್ಲಿ ಮಾತಾಡುವ ದಂತವೈದ್ಯರ ಸಹಾಯಕಿ ಅವಳೊಳಗಿಂದ ಎದ್ದಳು: “ಕೂತ್ಕೊಳ್ಳಿ, ಕರೀತೀನಿ. ಬಾಯಿ ಈಗ್ಲೇ ತೆಗೀಬೇಡಿ, ಒಳಗೆ ಹೋಗಿ ತೆಗೀರಿ.”

ಎರಡನೆಯದು ಶೀತಲ ಕೋಠಿ. ಹಳೆಯ ಎಕ್ಸ್‌ರೇಗಳು ಅಲ್ಲಿ ಮಲಗಿರುತ್ತವೆ. ಬಾಡಿಗೆ ಅಗ್ಗ, ಆದರೆ ಎಬ್ಬಿಸಲು ಅರ್ಧ ದಿನ ಬೇಕು. “ಆಂ… ಯಾರು… ಯಾವ ಹಲ್ಲು… ಸಂಜೆ ಬಾ,” ಎಂದು ಗಿಳಿ ಆಕಳಿಸಿದಾಗ, ಊಟವಾದ ಮೇಲಿನ ತಮ್ಮ ನಿದ್ದೆಯನ್ನು ಗುರುತಿಸಿ ಮಾವನೇ ಮೊದಲು ನಕ್ಕರು. ಮೂರನೆಯದು ಧ್ವನಿ ಸರ್ವಿಸ್. ಒಬ್ಬರ ಮಾತನ್ನು ರೆಕಾರ್ಡ್ ಮಾಡಿಕೊಟ್ಟರೆ ಅದೇ ಧ್ವನಿಯಲ್ಲಿ ಏನು ಬೇಕಾದರೂ ಹೇಳಿಸಬಹುದು. ಆದರೆ ಮಾತಾಡಿದವರು ಮೊದಲು ತಮ್ಮ ಬಾಯಿಂದಲೇ ‘ನನ್ನ ಒಪ್ಪಿಗೆ ಇದೆ’ ಎನ್ನಬೇಕು.

“ಕೊನೇದು ಕೀ ಸರ್ವಿಸ್. ನಮ್ಮ ಎಕ್ಸ್‌ರೇಗಳಿಗೆಲ್ಲ ಬೀಗ ಹಾಕಿರ್ತೀವಿ. ಕೀ ನಮ್ಮ ಕೈಗೂ ಕೊಡಲ್ಲ, ಅದರ ಹತ್ತಿರಾನೇ ಇಟ್ಟುಕೊಳ್ಳುತ್ತೆ. ಹೋಗಿ ಕೇಳಿದ್ರೆ…” ಗಿಳಿ ಗಲ್ಲ ಎತ್ತಿ ಕಣ್ಣು ಅರೆ ಮುಚ್ಚಿದಳು. “ಯಾಕೆ. ಯಾರು ಹೇಳಿದ್ದು. ಬರೆದು ಕೊಡಿ.”

ಮುಂದಿನ ಸಾಲಿನವರು ನಕ್ಕರು. ಹಿಂದಿನ ಸಾಲಿನವರು ನಗಲಿಲ್ಲ. ನೀರಿನ ಬಾಟಲಿ ಹಿಡಿದು ಬೀಗಮ್ಮ ಬಾಗಿಲಲ್ಲೇ ನಿಂತಿದ್ದಳು.

“ಮುಂದುವರಿಸು ತಾಯಿ,” ಎಂದಳು. “ನನ್ನ ಬಾಯಿ ನೀನೇ ಬಳಸ್ತಿದ್ದೀಯಲ್ಲ, ನಾನು ನೀರು ಕುಡಿಯೋಕಾದ್ರೂ ಅದನ್ನ ವಾಪಸ್ ಕೊಡು.”

ಮಧ್ಯಾಹ್ನ ಗಿಳಿ ಬೇಡದ್ದನ್ನು ಹುಡುಕುತ್ತ ಕೀಲಿಕೈಗಳ ಪರದೆ ತೆರೆದಳು. ಅವುಗಳಿಗೆ ಹೆಸರಿಟ್ಟವಳು ಬೀಗಮ್ಮ. ಮಾತಿನಲ್ಲಿ ತೋರಿಸದ ಹಾಸ್ಯವನ್ನೆಲ್ಲ ಅವಳು ಅಲ್ಲಿ ಸುರಿದಿದ್ದಳು: ಮಾವನ ನಿದ್ದೆ, ಸತ್ತ ಪ್ರಿಂಟರ್, ಗಿಳಿಮೂಗು. ಗಿಳಿಯ ಕೈ ತಾನಾಗಿ ಮೂಗಿನ ಮೇಲೆ ಹೋಯಿತು. ಅದು ತುಸು ಬಾಗಿದ್ದು ನಿಜ. ಮದುವೆಯ ದಿನ ಫೋಟೋದವನು ಕೂಡ ಮುಖ ಸ್ವಲ್ಪ ತಿರುಗಿಸಿ ಎಂದಿದ್ದ. ಗಿಳಿಮೂಗಿನ ಎದುರು, ಬಹಳ ಕಾಲದಿಂದ ಯಾರೂ ಬಳಸಿಲ್ಲ ಎಂದಿತ್ತು. ಇನ್ನೇನು ಬೇಕು. ಅವಳು ಅಳಿಸು ಎಂಬುದನ್ನು ಒತ್ತಿದಳು.

ಕೀಲಿಕೈಗಳನ್ನು ಆ ಸರ್ವಿಸ್ ಒಮ್ಮೆಲೇ ಅಳಿಸುವುದಿಲ್ಲ. ಕೆಲವು ವಾರ ತಡೆಹಿಡಿಯುತ್ತದೆ. ಅಷ್ಟರಲ್ಲಿ ಮನಸ್ಸು ಬದಲಾದರೆ ವಾಪಸ್ ಪಡೆಯಬಹುದು. ಗಡುವು ದಾಟಿದರೆ ಆ ಕೀಲಿಕೈಯಿಂದ ಮುಚ್ಚಿದ್ದೆಲ್ಲ ಎಂದೆಂದಿಗೂ ಕಸ. ಗಿಳಿಗೆ ಅದು ಗೊತ್ತಿತ್ತು. ಅವಳು ನೋಡದೇ ಬಿಟ್ಟದ್ದು ಇಷ್ಟೇ: ಗಿಳಿಮೂಗು ಶೀತಲ ಕೋಠಿಯ ಕೀಲಿಕೈ. ಮಲಗಿದ ಎಕ್ಸ್‌ರೇಯನ್ನು ಯಾರೂ ಎಬ್ಬಿಸದಿದ್ದರೆ ಕೀಲಿಕೈಗೆ ಕೆಲಸವೆಲ್ಲಿ. ಬಳಸದಿರುವುದನ್ನು ಅವಳು ಬೇಡದ್ದು ಎಂದುಕೊಂಡಳು.

ಕೆಲವು ವಾರ ಕಳೆದ ಮೇಲೆ ಒಬ್ಬ ದಂತವೈದ್ಯರು ಫೋನ್ ಮಾಡಿದರು. “ಬಸ್ ಓಡಿಸೋರೊಬ್ಬರ ದವಡೇಲಿ ನೆರಳು ಕಾಣ್ತಿದೆ. ಹಿಂದೊಮ್ಮೆ ಅವರು ಇಲ್ಲೇ ಎಕ್ಸ್‌ರೇ ತೆಗೆಸಿದ್ರು. ಅದರಲ್ಲೂ ಹೀಗೇ ಇದ್ರೆ ಬಿಟ್ಟುಬಿಡ್ತೀನಿ. ಹೊಸದಾಗಿ ಬಂದಿದ್ರೆ ದವಡೆ ಕೊರೀಬೇಕು. ಬೇಗ ಬೇಕು.”

ಗಿಳಿ ಬೆಳಿಗ್ಗೆಯೇ ಶೀತಲ ಕೋಠಿಗೆ ಅದನ್ನು ಎಬ್ಬಿಸಲು ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಎಕ್ಸ್‌ರೇ ಎದ್ದು ಬಂತು, ಕಣ್ಣು ಮಾತ್ರ ಬಿಡಲಿಲ್ಲ. ಕೀಲಿಕೈ ಸಿಗುತ್ತಿಲ್ಲ ಎಂದು ಪರದೆ ಹೇಳಿತು. ಯಾವ ಕೀಲಿಕೈ ಎಂದು ನೋಡಿದಳು: ಗಿಳಿಮೂಗು. ಗಡುವು ಮರುದಿನಕ್ಕೆ ಮುಗಿಯುತ್ತಿತ್ತು. ವಾಪಸ್ ಪಡೆ ಎಂಬುದನ್ನು ಒತ್ತಿದಳು. ನಿಮಗೆ ಅಧಿಕಾರವಿಲ್ಲ ಎಂಬ ಉತ್ತರ ಬಂತು.

ಅದು ಮಾವನ ಉಪಾಯ. ಅಳಿಸುವುದು ಕಿರಿಯಳಿಗೆ, ಉಳಿಸುವುದು ಹಿರಿಯಳಿಗೆ ಎಂದು ಅವರು ಅಧಿಕಾರವನ್ನು ಪಾಲುಮಾಡಿದ್ದರು.

“ಮಾವ, ಅಕ್ಕನಿಗೆ ನೀವೇ ಒಂದು ಮಾತು ಹೇಳಿ.”

“ನಾನು ಹೇಳಲ್ಲಮ್ಮ. ನೀವಿಬ್ಬರು ಬಾಯಿಬಿಟ್ಟು ಮಾತಾಡ್ಲಿ ಅಂತಾನೇ ಹಾಗೆ ಮಾಡಿಸಿದ್ದು. ಹೋಗು, ಪ್ರಿಂಟರ್ ದಾಟೋಕೆ ವೀಸಾ ಬೇಕಿಲ್ಲ.”

ಗಿಳಿ ಮೇಜು ಸುತ್ತಿ ಬಂದು ನಿಂತಳು. ಬೀಗಮ್ಮ ತಲೆ ಎತ್ತಲಿಲ್ಲ.

“ಅಕ್ಕಾ, ಒಂದು ಕೀ ವಾಪಸ್ ಬೇಕಿತ್ತು.”

“ಯಾಕೆ. ಯಾರು ಹೇಳಿದ್ದು. ಬರೆದು ಕೊಡು.” ತನ್ನ ಅನುಕರಣೆಯನ್ನು ತಾನೇ ಮಾಡಿ ತೋರಿಸಿದ ಮೇಲೆ ಬೀಗಮ್ಮ ಕಣ್ಣೆತ್ತಿದಳು. “ನೀನು ಅಳಿಸಿದ ದಿನಾನೇ ನನಗೆ ಮೇಲ್ ಬಂತು. ಯಾವಾಗ ಬರ್ತೀಯ ಅಂತ ಕಾಯ್ತಾ ಇದ್ದೆ.”

“ಅವತ್ತೇ ಗೊತ್ತಿತ್ತಾ. ಗೊತ್ತಿದ್ದೂ ಸುಮ್ಮನೆ ಕೂತಿದ್ರಾ. ಆ ಮನುಷ್ಯನ ದವಡೆ ಕೊರೀತಾರೆ ಅಕ್ಕಾ.”

“ಮೂಗಿನ ಮೇಲೆ ಸಿಟ್ಟು ಬಂದು ಊರವರ ದವಡೆಗೆ ಕೈ ಹಾಕಿದೋಳು ನೀನು. ನಾನಲ್ಲ.”

“ಹೆಸರಿಟ್ಟವರು ಯಾರು.”

“ಬಾಗಿದ್ದಕ್ಕೆ ನೆಟ್ಟಗಿದೆ ಅಂತ ಹೆಸರಿಡೋಕಾಗುತ್ತಾ.”

ಕಚೇರಿಯಲ್ಲಿ ಕೀಬೋರ್ಡುಗಳೆಲ್ಲ ನಿಂತವು. ಬೀಗಮ್ಮ ಇಯರ್‌ಫೋನ್ ಬಿಚ್ಚಿ, ಮೈಕ್ ಒಂದನ್ನು ಗಿಳಿಯ ಮುಂದೆ ತಳ್ಳಿದಳು.

“ಗ್ರಾಹಕರ ಫೋನಿಗೆ ಒಂದು ಧ್ವನಿ ಬೇಕಾಗಿದೆ. ಆ ಸರ್ವಿಸ್ ಬಗ್ಗೆ ನೀನೇ ಪಾಠ ಮಾಡಿದ್ಯಲ್ಲ. ನನ್ನ ಹಾಗೆ ಮಾತಾಡಿಕೊಡು. ಮೊದಲು ಒಪ್ಪಿಗೆಯ ಮಾತು, ಆಮೇಲೆ ಪರದೆ ಮೇಲಿರೋ ವಾಕ್ಯ ಎಲ್ಲ. ಅವತ್ತು ನೀನು ನಗಿಸೋಕೆ ಮಾಡಿದ್ದೆ, ಈಗ ಕೆಲಸಕ್ಕೆ ಮಾಡು.”

“ಮೊದಲು ಕೀ ಕೊಡಿ.”

“ಒಪ್ಪಿಗೆ ಹೇಳು, ಕೊಡ್ತೀನಿ.”

ಗಿಳಿ ಗಲ್ಲ ಎತ್ತಿದಳು, ಕಣ್ಣು ಅರೆ ಮುಚ್ಚಿದಳು. “ಈ ಧ್ವನಿ ನನ್ನದು. ಇದನ್ನು ಬಳಸಲು ನನ್ನ ಒಪ್ಪಿಗೆ ಇದೆ.” ಬೀಗಮ್ಮನ ಧ್ವನಿ ಬೀಗಮ್ಮನ ಎದುರೇ, ಒಂದು ಗೀರೂ ಬೀಳದೆ ಹೊರಬಂತು. ಯಾರೂ ನಗಲಿಲ್ಲ. ಕೇಳುತ್ತಿದ್ದವಳ ಕಿವಿ ಕೆಂಪಾಯಿತು. ತಾನು ಇಷ್ಟು ಒರಟಾಗಿ ಕೇಳಿಸುತ್ತೇನೆಂದು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಅವಳು ಒಂದು ಗುಂಡಿ ಒತ್ತಿದಳು. ಗಿಳಿಮೂಗು ಬದುಕಿತು. ಎಕ್ಸ್‌ರೇ ಕಣ್ಣುಬಿಟ್ಟಿತು.

ಹಳೆಯದರಲ್ಲೂ ನೆರಳು ಅಷ್ಟೇ ಇತ್ತು. ಬಸ್ಸಿನವರ ದವಡೆ ಉಳಿಯಿತು ಎಂದು ವೈದ್ಯರು ತಿಳಿಸಿದರು. ಆ ಸುದ್ದಿಯನ್ನು ಓರಗಿತ್ತಿಯರಿಬ್ಬರೂ ಪ್ರಿಂಟರಿನ ಆಚೀಚೆ ಬೇರೆ ಬೇರೆಯಾಗಿ ಓದಿದರು.

ವಾಕ್ಯಗಳ ರೆಕಾರ್ಡಿಂಗ್ ಆ ವಾರವೆಲ್ಲ ನಡೆಯಿತು. ಫೋನ್ ಏನು ಹೇಳಬೇಕೆಂದು ಬರೆದವಳು ಬೀಗಮ್ಮ. ಮೊದಲ ಕರೆಯನ್ನು ಮಾವ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು.

“ತಪ್ಪಾಯಿತು, ಕ್ಷಮಿಸಿ,” ಎಂದಿತು ಫೋನು. “ಕಾಯಿಸುತ್ತಿದ್ದೇವೆ. ತಪ್ಪೆಲ್ಲ ನನ್ನದೇ.”

“ಇದೇನಮ್ಮ, ಎತ್ತಿದ ಕೂಡಲೆ ಕ್ಷಮೆ ಕೇಳುತ್ತಲ್ಲ,” ಎಂದರು ಮಾವ.

“ಗ್ರಾಹಕರಿಗೆ ಮರ್ಯಾದೆ ಬೇಡ್ವಾ ಮಾವ,” ಎಂದಳು ಬೀಗಮ್ಮ. ಆ ಗಿಳಿಮೂಗಿನವಳು ಇನ್ನು ದಿನವಿಡೀ ತನ್ನ ಕ್ಷಮೆ ಕೇಳುತ್ತಿರುತ್ತಾಳೆ ಎಂಬ ತೃಪ್ತಿ ಅವಳ ಮುಖದಲ್ಲಿತ್ತು.

ಪ್ರಿಂಟರಿನ ಆಚೆ ಗಿಳಿಗೂ ಅಷ್ಟೇ ತೃಪ್ತಿ. ಕರೆ ಮಾಡಿದ ಪ್ರತಿಯೊಬ್ಬನಿಗೂ ಕೇಳುವುದು ಬೀಗಮ್ಮನ ಧ್ವನಿ, ತಪ್ಪು ಒಪ್ಪಿಕೊಳ್ಳುತ್ತಿರುವುದು ಬೀಗಮ್ಮ. ಅವಳು ತನ್ನ ಮೊಬೈಲಿನಿಂದ ಮೆಲ್ಲಗೆ ಅದೇ ನಂಬರ್ ಒತ್ತಿದಳು. ಮೇಜಿನ ಇನ್ನೊಂದು ತುದಿಯಲ್ಲಿ ಬೀಗಮ್ಮನೂ ಅದನ್ನೇ ಒತ್ತುತ್ತಿದ್ದಳು. ಇಬ್ಬರಿಗೂ ಲೈನ್ ಸಿಕ್ಕಿತು.