ಮೂಲೆಯ ತಗಡು

ನಮ್ಮ ಗಿರಣಿ ಮತ್ತೆ ತೆರೆಯುವ ದಿನಕ್ಕೆ ನಾರ್ಮನ್ ಸ್ಕೀನ್‌ನನ್ನು ಮುಖ್ಯ ಅತಿಥಿಯಾಗಿ ಕರೆದದ್ದು ನಾನೇ. ಚಿಕ್ಕಮ್ಮ ಬೀನಿ ಕೆಂಡವಾದಳು.

"ಗ್ರಿಜೆಲ್, ತಲೆ ನೆಟ್ಟಗಿದೆಯೇನೇ? ನಿಮ್ಮಪ್ಪನ ಮಾನ ಕಳೆದೋನಿಗೆ ಮಣೆ ಹಾಕ್ತೀಯಾ?"

"ಹಾಕ್ತೀನಿ ಚಿಕ್ಕಮ್ಮ. ಮೇಲೆ ಕೂರಿಸಿದ್ರೆ ತಾನೇ ಎಲ್ಲರಿಗೂ ಕಾಣೋದು?"

ಇಪ್ಪತ್ತೆರಡು ವರ್ಷಗಳ ಹಿಂದೆ ಸ್ಕೀನ್ ನಮ್ಮ ಗಿರಣಿಯ ಆಳು. ಸ್ಕಾಟ್ಲೆಂಡಿನ ಈ ತಂಪು ಮೂಲೆಯಲ್ಲಿ ಓಟ್ಸ್ ಹೊಲದಿಂದ ಹಸಿಯಾಗಿಯೇ ಬರುತ್ತದೆ. ಅದನ್ನು ಭಟ್ಟಿಯ ಮೇಲೆ ಒಣಗಿಸದೆ ಸಿಪ್ಪೆ ಬಿಡಿಸಲಾಗದು, ಬೀಸಲಾಗದು. ಭಟ್ಟಿಯ ನೆಲವೆಂದರೆ ತೂತು ಕೊರೆದ ಕಬ್ಬಿಣದ ತಗಡುಗಳು. ಕೆಳಗೆ ಹಳೆಯ ಹೊಟ್ಟಿನ ಬೆಂಕಿ, ಮೇಲೆ ನಾಲ್ಕು ಬೆರಳು ದಪ್ಪ ಹರಡಿದ ಕಾಳು. ನಾಲ್ಕು ಗಂಟೆ ಹೊತ್ತು ಮರದ ಸಲಿಕೆಯಿಂದ ತಿರುವುತ್ತಲೇ ಇರಬೇಕು. ಕಣ್ಣು ಮುಚ್ಚಿದರೆ ಕಥೆ ಮುಗಿಯಿತು.

ಮುಗಿದೇ ಹೋಯಿತು. ಒಂದು ಮಧ್ಯಾಹ್ನ ಭಟ್ಟಿಗೆ ಬೆಂಕಿ ಹತ್ತಿ, ಮಾಳಿಗೆಗೂ ಏರಿ, ಕಣಿವೆಯ ಒಂಬತ್ತು ಮನೆಗಳ ವರ್ಷದ ಊಟ ಕರಿಯಾಯಿತು. ಅಪ್ಪ ಆಗ ಕಾಲುವೆಯ ತೂಬು ಸರಿಮಾಡುತ್ತ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ. ಭಟ್ಟಿ ಸ್ಕೀನ್‌ನ ಪಾಲಿಗೆ ಬಿಟ್ಟಿದ್ದ. ಆದರೆ ಸ್ಕೀನ್ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು, "ನಂಗೆ ಜ್ವರ, ಅವತ್ತು ಗಿರಣಿ ಕಡೆ ತಲೆನೂ ಹಾಕಿಲ್ಲ. ಧಣಿ ಒಬ್ರೇ ಇದ್ರು, ಕೈಲಿ ಬಾಟ್ಲಿ ಇತ್ತೋ ಏನೋ" ಎಂದುಬಿಟ್ಟ. ಅಪ್ಪನ ಮಾತಿಗೆ ಸಾಕ್ಷಿ ಹೇಳಲು ಕಾಲುವೆಯ ನೀರಿಗೆ ಬಾಯಿಲ್ಲವಲ್ಲ. ಗಿರಣಿ ನಿಂತಿತು. ಕುಡುಕನೆಂಬ ಹೆಸರು ಹೊತ್ತೇ ಅಪ್ಪ ಸತ್ತ. ಸ್ಕೀನ್ ಪೇಟೆಯಲ್ಲಿ ಹಬೆಯ ಕಾರ್ಖಾನೆ ತೆರೆದು, ಓಟ್ಸನ್ನು ಅವಲಕ್ಕಿಯ ಹಾಗೆ ಚಪ್ಪಟೆ ಮಾಡಿ ಮಾರಿ, ದೊಡ್ಡ ಮನುಷ್ಯನಾದ.

ಈ ಬೇಸಿಗೆಯಲ್ಲಿ ಗಿರಣಿಯನ್ನು ಮತ್ತೆ ನಡೆಸಲು ಹೊರಟೆ. ಭಟ್ಟಿಯ ನೆಲ ನೋಡಲು ಕಮ್ಮಾರ ಜೋರ್ಡಿ ಬಂದ. ಚಿಮಣಿ ಪಕ್ಕದ ಮೂಲೆಯ ತಗಡನ್ನು ಸುತ್ತಿಗೆಯಿಂದ ತಟ್ಟಿ ನಕ್ಕ.

"ಇದು ನನ್ನ ಕೈಕೆಲ್ಸ ಕಣಮ್ಮ. ಸುಟ್ಟ ದಿನ ಬೆಳಿಗ್ಗೇನೇ ಹಾಕಿದ್ದು. ದಪ್ಪ ತಗಡು ಸಿಗ್ಲಿಲ್ಲ, ತೆಳ್ಳಂದೇ ಬಡಿದೆ."

ಆ ತಗಡು ಬೆಂಕಿ ಕಂಡದ್ದು ಒಂದೇ ಒಂದು ದಿನ. ಅದು ತೆಳ್ಳಗಿದೆಯೆಂದು, ಅಲ್ಲಿ ಕಾಳು ಬೇಗ ಸೀಯುತ್ತದೆಯೆಂದು ಜೋರ್ಡಿಯನ್ನು ಬಿಟ್ಟರೆ ಗೊತ್ತಿರುವುದು ಅಂದು ಮಧ್ಯಾಹ್ನ ಭಟ್ಟಿಯ ಮೇಲೆ ನಿಂತಿದ್ದವನಿಗೆ ಮಾತ್ರ. ಯಾರ ಮುಂದೂ ಉಸಿರೆತ್ತಲಿಲ್ಲ. ಸ್ಕೀನ್‌ಗೆ ಆಮಂತ್ರಣ ಬರೆದೆ.

ಟೈ ಕಟ್ಟಿ, ಹೊಸ ಬೂಟು ಹಾಕಿ ಬಂದ. ಬಂದವನೇ ತನ್ನ ಕಾರ್ಖಾನೆಯ ಪೊಟ್ಟಣಗಳನ್ನು ಹಂಚತೊಡಗಿದ.

"ಈ ಕಾಲದಲ್ಲಿ ನಾಲ್ಕು ಗಂಟೆ ಕಾಳು ತಿರುವ್ತಾ ಯಾರಮ್ಮ ಕೂರ್ತಾರೆ? ಹಬೆ ಕೊಡು, ಉರುಳೆ ಕೆಳಗೆ ಒತ್ತು, ಐದು ನಿಮಿಷಕ್ಕೆ ಗಂಜಿ!"

"ಗಂಜಿನೋ, ಗೋಡೆಗೆ ಕಾಗದ ಹಚ್ಚೋ ಅಂಟೋ, ಸಾಹುಕಾರ್ರೆ?" ಎಂದೆ.

ಜನ ಗೊಳ್ಳೆಂದು ನಕ್ಕರು. ಅವನ ಮುಖ ಕೆಂಪಾಯಿತು.

"ನುಚ್ಚು, ದಪ್ಪ ರವೆ, ಸಣ್ಣ ರವೆ, ಯಾವುದು ಬೇಕು ಹೇಳು. ನಿಮ್ಮಪ್ಪನಿಗಿಂತ ಚೆನ್ನಾಗಿ ಮಾಡ್ತಿದ್ದೆ ನಾನು. ಕೊಡಿಲ್ಲಿ ಸಲಿಕೆ!"

ಇಷ್ಟೇ ನನಗೆ ಬೇಕಾಗಿದ್ದದ್ದು. ಕೋಟು ಕಳಚಿ ಭಟ್ಟಿ ಹತ್ತಿದ. ಕೈ ಪಳಗಿದ್ದೇ, ಸುಳ್ಳು ಹೇಳಬಾರದು. ಜನ ಬಾಗಿಲಲ್ಲಿ ಮುತ್ತಿ ನೋಡುತ್ತಿದ್ದರು. ನಾನು ಬುಟ್ಟಿಬುಟ್ಟಿ ಕಾಳು ತಂದು ಚಿಮಣಿ ಮೂಲೆಗೇ ಸುರಿದೆ. ಅವನು ನೋಡಲಿಲ್ಲ. ಇವತ್ತು ತಪ್ಪಿದರೆ ಅಪ್ಪ ಎಂದೆಂದಿಗೂ ಕುಡುಕನೇ. ಮತ್ತೊಂದು ಬುಟ್ಟಿ ಸುರಿದೆ.

ಸ್ಕೀನ್ ತಿರುಗಿದ. "ಅಯ್ಯೋ ಹುಡುಗಿ, ಅಲ್ಲಿ ಗುಡ್ಡೆ ಹಾಕ್ಬೇಡ! ಆ ಮೂಲೆ ತಗಡು ತೆಳ್ಳಗಿದೆ, ಮೊದಲು ಹತ್ತಿಕೊಳ್ಳೋದೇ ಅಲ್ಲಿ!"

"ನಿಮಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಆರು ವರ್ಷ ಇಲ್ಲೇ ಬೆವರು ಸುರಿಸಿಲ್ವಾ?"

"ಜೋರ್ಡಿ, ಆ ತಗಡು ಹಾಕಿದ್ದು ಯಾವತ್ತು?"

ಜೋರ್ಡಿ ಬಾಯಿಂದ ಪೈಪು ತೆಗೆದ. "ಸುಟ್ಟ ದಿನ ಬೆಳಿಗ್ಗೆ."

"ಆಮೇಲೆ ಈ ಭಟ್ಟಿಗೆ ಬೆಂಕಿ ಹಾಕಿದ್ದು?"

"ಇವತ್ತೇ."

ಮೊದಲು ಬಾಯಿ ಬಿಟ್ಟವಳು ಚಿಕ್ಕಮ್ಮ. "ನಿಂಗೆ ಅವತ್ತು ಜ್ವರ ಬಂದಿತ್ತಲ್ಲೋ, ನಾರ್ಮನ್?"

ಅವನ ಸಲಿಕೆ ನಿಂತಿತು. ಮೂಲೆಯಿಂದ ಸೀದ ವಾಸನೆ ಎದ್ದಿತು.

"ತಿರುವಿ ಸಾಹುಕಾರ್ರೆ, ಕಾಳು ಸೀಯ್ತಿದೆ" ಎಂದೆ.

ತಿರುವಿದ. ತಲೆ ಎತ್ತದೆ ಗೊಣಗಿದ: "ನಿದ್ದೆ ಹತ್ತಿಬಿಡ್ತು ಗ್ರಿಜೆಲ್."

"ಜನಕ್ಕೆ ಕೇಳಿಸ್ಲಿಲ್ಲ."

"ನಿದ್ದೆ ಹತ್ತಿಬಿಡ್ತು! ನಿಮ್ಮಪ್ಪ ಇಲ್ಲಿರಲೇ ಇಲ್ಲ. ಕುಡಿದೂ ಇರಲಿಲ್ಲ. ಸಾಕಾ? ಕ್ಷಮಿಸಿಬಿಡು, ತಾಯಿ."

ನನಗೆ ಖುಷಿಯಾಯಿತು. ಮುಚ್ಚಿಡುವುದೇನು, ಇಪ್ಪತ್ತೆರಡು ವರ್ಷದಲ್ಲಿ ಅಂಥ ಖುಷಿ ಕಂಡಿರಲಿಲ್ಲ. ಅವನು ಇಳಿಯಲು ನೋಡಿದ. ಬಾಗಿಲಲ್ಲಿ ನಿಂತ ಒಂಬತ್ತು ಮನೆಗಳವರು ಜರುಗಲಿಲ್ಲ. ಸಲಿಕೆ ಚಾಚಿದ, ಯಾರೂ ಕೈ ಒಡ್ಡಲಿಲ್ಲ.

ನಾಲ್ಕು ಗಂಟೆ ತಿರುವಿದ. ಟೈ ಬೆವರಿನಲ್ಲಿ ತೊಯ್ದಿತು, ಹೊಸ ಬೂಟಿನ ಅಟ್ಟೆ ಕಾದು ಮುದುಡಿತು. ಮೂಲೆಯ ಕಾಳನ್ನಂತೂ ಅವನು ಒಂದು ನಿಮಿಷ ಮರೆಯಲಿಲ್ಲ. ಕೊನೆಗೆ ನಾನು ಆ ಮೂಲೆಯಿಂದಲೇ ಒಂದು ಕಾಳು ಹೆಕ್ಕಿ, ಅಪ್ಪ ಮಾಡುತ್ತಿದ್ದಂತೆ ಮುಂಬಲ್ಲಿನಲ್ಲಿ ಕಚ್ಚಿದೆ. ಟಕ್ಕೆಂದು ಮುರಿಯಿತು, ಹದವಾಗಿ ಒಣಗಿತ್ತು.

"ಆಯ್ತು, ಇಳೀರಿ" ಎಂದೆ.

ಇಪ್ಪತ್ತೆರಡು ವರ್ಷ ತಡವಾಗಿ ಸ್ಕೀನ್ ತನ್ನ ಪಾಳಿ ಮುಗಿಸಿ ಇಳಿದ.